ಮಡಚಿದವರ ಹೆಸರು

ಸಿಪಾಯಿ ಆಸ್ಪತ್ರೆಯ ಲಾಂಡ್ರಿಗೆ ಬಂದಾಗ ತಾಯಿ ಹಾಸುಬಟ್ಟೆ ಮಡಚುತ್ತಿದ್ದಳು. ಹೊಸ ಬೂಟು, ಹೊಸ ಮೀಸೆ. ಹಿಂಡಿದರೆ ನೀರು ಬಂದೀತೇನೋ ಎಂಬಂತೆ ಕೈಯಲ್ಲಿದ್ದ ಟೋಪಿಯನ್ನು ತಿರುಚುತ್ತ ನಿಂತ. ಹಿಂದಿನ ತಿಂಗಳು ಮಗಳು ತೀರಿಕೊಂಡ ಮೇಲೆ ಸಮವಸ್ತ್ರದವರು ಮೂವರು ಬಂದು ಹೋಗಿದ್ದರು. ಮೂವರೂ ಹೇಳಿದ್ದು ಒಂದೇ: ದೇಶ ಮರೆಯುವುದಿಲ್ಲ. ಇವನೂ ಹೇಳಿ ಹೋಗಲಿ ಎಂದು ಆಕೆ ಕೆಲಸ ನಿಲ್ಲಿಸಲಿಲ್ಲ.

"ಅಮ್ಮಾ, ನಿಮ್ಮ ಮಗಳು ಕೆಲಸದಲ್ಲಿ ಹೇಗೆ?" ಎಂದು ಅವನು ಕೇಳಿದ.

ಪಕ್ಕದ ಮೇಜಿನಲ್ಲಿ ಇಸ್ತ್ರಿ ಮಾಡುತ್ತಿದ್ದವಳು ತಲೆಯೆತ್ತಿದಳು. "ಸಂಬಂಧ ಕೇಳೋಕೆ ಬಂದವನ ಹಾಗೆ ಕೇಳ್ತೀಯಲ್ಲೋ! ಅವಳು ಹೋಗಿ ತಿಂಗಳಾಯ್ತು."

"ಗೊತ್ತು ಅಕ್ಕ. ಅದಕ್ಕೇ ಬಂದೆ."

ಮಗಳು ಸೈನ್ಯದಲ್ಲಿ ಪ್ಯಾರಾಚೂಟ್ ಮಡಚುವ ಕೆಲಸದಲ್ಲಿದ್ದಳು. ಅವಳನ್ನು ಕೊಂದದ್ದು ಶತ್ರುವಲ್ಲ. ಶಿಬಿರಕ್ಕೆ ಬ್ರೆಡ್ಡು ತರುವ ಲಾರಿ. ಯುದ್ಧಕಾಲದ ನಿಯಮದಂತೆ ಅದು ದೀಪ ಹಾಕದೆ ಮುಸ್ಸಂಜೆಯಲ್ಲಿ ಹಿಂದಕ್ಕೆ ಬರುತ್ತ ಅವಳ ಮೇಲೆ ಹರಿದಿತ್ತು. ಅವಳಿಗೆ ಇಪ್ಪತ್ತೊಂದು. ಅವಳು ಮಡಚಿಟ್ಟ ಒಂದು ಪ್ಯಾರಾಚೂಟ್ ಮಾತ್ರ ಉಗ್ರಾಣದಲ್ಲಿ ಉಳಿದಿತ್ತು. ಸತ್ತವರ ಕೈ ಮಡಚಿದ್ದು ಆಕಾಶದಲ್ಲಿ ಬಿಚ್ಚಿಕೊಳ್ಳುವುದಿಲ್ಲ ಎಂದು ಸಿಪಾಯಿಗಳಲ್ಲಿ ಒಂದು ನಂಬಿಕೆ.

"ನಾಳೆ ಹಾರಬೇಕು," ಎಂದ ಅವನು. "ಉಳಿದವರೆಲ್ಲ ಬೇರೆಯವರು ಮಡಚಿದ್ದನ್ನ ಬಾಚಿಕೊಂಡರು. ನಾನು ಊಟದ ಸಾಲಲ್ಲಿ ಮೊದಲು, ಇಂಥ ಸಾಲಲ್ಲಿ ಕೊನೆ. ನನ್ನ ಪಾಲಿಗೆ ಬಂದದ್ದು ನಿಮ್ಮ ಮಗಳದ್ದು."

"ಬೇಡ ಅನ್ನು," ಎಂದಳು ಇಸ್ತ್ರಿಯವಳು.

"ಅಂದರೆ ಹೇಡಿ ಅಂತಾರೆ. ಅಮ್ಮಾ, ನೀವೊಂದು ಮಾತು ಹೇಳಿದರೆ ಧೈರ್ಯವಾಗಿ ಹಾರ್ತೀನಿ. ಕೆಲಸದಲ್ಲಿ ಅಚ್ಚುಕಟ್ಟು ಅಂತ. ಅಷ್ಟೇ ಸಾಕು."

ಹೇಳಿಬಿಡು, ನಿನ್ನ ಗಂಟೇನು ಹೋಗುತ್ತದೆ ಎಂದು ಇಸ್ತ್ರಿಯವಳು ಕಣ್ಣಲ್ಲೇ ಸನ್ನೆ ಮಾಡಿದಳು. ಆದರೆ ಬೆಳಗ್ಗೆ ದೇವರ ಹೆಸರು ಹೇಳಿದ ನಾಲಿಗೆಯಿಂದ ಸಂಜೆಯೊಳಗೆ ಸುಳ್ಳು ಆಡುವುದು ತಾಯಿಗೆ ಅಭ್ಯಾಸವಿರಲಿಲ್ಲ. ಅದೂ ಒಂದು ಜೀವದ ಪ್ರಶ್ನೆ.

"ಸೈನ್ಯ ಸೇರೋ ಮೊದಲು ಮೂರು ವರ್ಷ ಇಲ್ಲೇ ನನ್ನ ಜೊತೆ ಕೆಲಸಕ್ಕಿದ್ದಳು," ಎಂದಳು. "ಅವಳು ಮಡಚಿದ ಬಟ್ಟೆ ಒಂದು ದಿನವೂ ನೆಟ್ಟಗಿರಲಿಲ್ಲ. ನಾಯಿ ಬಾಲವಾದರೂ ವಾಸಿ."

ಸಿಪಾಯಿ ದಿಂಬಿನ ಚೀಲಗಳ ಬುಟ್ಟಿಯ ಮೇಲೆ ಕುಳಿತ. ಅವನ ಮುಖ ಸುತ್ತಲಿನ ಬಿಳಿ ಬಟ್ಟೆಗಳ ಬಣ್ಣಕ್ಕೆ ಬಂದಿತ್ತು. ಜೇಬಿನಿಂದ ಒಂದು ಚೀಟಿ ತೆಗೆದು ನೋಡಿ, "ರುಜು ಮಾತ್ರ ಚೆನ್ನಾಗಿ ಹಾಕಿದ್ದಾರೆ," ಎಂದು ಗೊಣಗಿದ.

ತಾಯಿಯ ಕೈ ಆಗ ನಿಂತಿತು. "ಯಾತರ ರುಜು?"

"ಪ್ಯಾರಾಚೂಟ್ ಮಡಚಿದವರು ಹೆಸರು ಬರೆದು, ರುಜು ಹಾಕಿ, ಅದರ ಚೀಲದ ಹೊರಜೇಬಲ್ಲಿ ಇಡಬೇಕು."

ಕನ್ನಡಕವಿಲ್ಲದ ತಾಯಿ ಚೀಟಿಯನ್ನು ಇಸ್ತ್ರಿಯವಳ ಕಡೆ ಚಾಚಿದಳು. "ಯಾರ ಹೆಸರಿದೆ ನೋಡೇ. ನನ್ನದಲ್ಲ ತಾನೇ?"

ಇಸ್ತ್ರಿಯವಳು ಎರಡು ಸಲ ಓದಿದಳು. "ಅಲ್ಲ ಅಕ್ಕ. ಅವಳದೇ. ರುಜುವೂ ಅವಳದೇ."

"ಎಲ್ಲರೂ ಹಾಕಲೇಬೇಕು ಅಮ್ಮಾ. ಅದು ನಿಯಮ," ಎಂದ ಸಿಪಾಯಿ.

"ಇಲ್ಲೂ ಅದೇ ನಿಯಮ," ಎಂದಳು ತಾಯಿ. " ಕಟ್ಟು ಕಟ್ಟಿಗೂ ಮಡಚಿದವರ ಹೆಸರಿನ ಚೀಟಿ. ಮೂರು ವರ್ಷದಲ್ಲಿ ಒಂದು ಕಟ್ಟಿಗೂ ಅವಳು ತನ್ನ ಹೆಸರು ಬರೀಲಿಲ್ಲ. ಸೊಟ್ಟಗಿದೆ ಅಂತ ಎಲ್ಲರಿಗಿಂತ ಮೊದಲು ಅವಳಿಗೇ ಗೊತ್ತಾಗ್ತಿತ್ತು. ನನ್ನ ಹೆಸರು ಬರೆದು ಇಡ್ತಿದ್ದಳು."

"ಬೈಸಿಕೊಳ್ತಿದ್ದದ್ದು ಈ ಅಕ್ಕ," ಎಂದಳು ಇಸ್ತ್ರಿಯವಳು. "ಅವಳು ಪಕ್ಕದಲ್ಲೇ ನಿಂತು ಅಯ್ಯೋ ಪಾಪ ಅಂತಿದ್ದಳು."

ತಾಯಿ ಚೀಟಿಯನ್ನು ಕಿಟಕಿಯ ಬೆಳಕಿಗೆ, ತೋಳುದ್ದ ದೂರದಲ್ಲಿ ಹಿಡಿದಳು. ಅಕ್ಷರ ಕಾಣಿಸದಿದ್ದರೂ ಬಹಳ ಹೊತ್ತು ನೋಡಿದಳು.

"ಹಾರು," ಎಂದಳು.

ಅವನು ಎದ್ದು ಚೀಟಿಗಾಗಿ ಕೈ ಚಾಚಿದ. ಕತ್ತಲಾಗುವುದರೊಳಗೆ ಅದು ಇದ್ದ ಜಾಗಕ್ಕೆ ಸೇರಬೇಕಿತ್ತು. ಆಕೆ ಕೊಟ್ಟಳು, ಬೆರಳು ಸಡಿಲಿಸಲು ಮಾತ್ರ ಸ್ವಲ್ಪ ತಡವಾಯಿತು.

"ಹಾರಿದ ಮೇಲೆ ಇದನ್ನೇನು ಮಾಡ್ತಾರೆ?"

"ಕಸಕ್ಕೆ ಹಾಕ್ತಾರೆ. ನಿಮಗೆ ಬೇಕಾದರೆ ಅಂಚೆಯಲ್ಲಿ ಕಳಿಸ್ತೀನಿ ಅಮ್ಮಾ."

"ಅಂಚೆ ಬೇಡ," ಎಂದಳು ತಾಯಿ, ಮುಂದಿನ ಹಾಸುಬಟ್ಟೆಗೆ ಕೈ ಹಾಕುತ್ತ. "ನೀನೇ ತಂದು ಕೊಡು."