ಅಜ್ಜನ ಬೇಟೆಚೂರಿಯ ಹಿಡಿ

ಅರಗು ಕಾಯುವ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಬೆಳಗೊಳದ ನಮ್ಮ ಹಿತ್ತಿಲಿನ ಆ ಮಧ್ಯಾಹ್ನವೇ ಎದ್ದು ಬರುತ್ತದೆ.

ತೀರಿಹೋದ ಅಜ್ಜನ ಬೇಟೆಚೂರಿಯನ್ನು ಅಜ್ಜಿ ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ಉಜ್ಜಿದ್ದಳು. ತುಕ್ಕು ಬಿಟ್ಟು ಅಲಗು ಬೆಳ್ಳಗಾಗಿತ್ತು. ಕೊಂಬಿನ ಹಿಡಿ ಮಾತ್ರ ಸೀಳಿ ಅಲ್ಲಾಡುತ್ತಿತ್ತು. ಚಿಕ್ಕಪ್ಪ ಮರದಲ್ಲಿ ಹೊಸ ಹಿಡಿ ಕೆತ್ತಿ ತಂದಿದ್ದ.

“ಆ ಕೊಂಬ ತಿಪ್ಪೆಗೆಸ್ದ್ಬುಡವ್ವ, ಇದ್ನ ಆಕ್ತೀನಿ.”

“ಮುಟ್ಬ್ಯಾಡ ಕಣ್ಲಾ,” ಎಂದಳು ಅಜ್ಜಿ.

ನಾನು ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಹೊಸತು. ಚಿಕ್ಕಪ್ಪನ ಪರ ವಹಿಸಿದೆ. “ಸೀಳೋಗಿರೋದ್ನ ಯಾಕಜ್ಜಿ ಇಟ್ಕಬೇಕು? ಒಂದು ಕಾರಣ ಯೋಳು.”

“ತಡಿ, ನಿನ್ ಬಾಯ್ಗೂ ಒಸಿ ಅರಗು ಉಯ್ತೀನಿ.”

ಅಜ್ಜಿ ಸೀಳಿಗೆ ಕಾದ ಅರಗು ತುಂಬಿ, ತಂತಿ ಸುತ್ತಿ ಬಿಗಿದಳು. ಎರಡು ಸಲ ಬಿಟ್ಟುಕೊಂಡಿತು, ಬೆರಳೂ ಸುಟ್ಟಿತು. ಕೆರೆದು ತೆಗೆದು ಮತ್ತೆ ತುಂಬಿದಳು. ಮೂರನೇ ಸಲ ಹಿಡಿ ಗಟ್ಟಿಯಾಗಿ ನಿಂತಿತು.

ಆಮೇಲೆ ಅವಳು ಚೂರಿಯನ್ನು ಎಡಗೈಯಲ್ಲಿ ಹಿಡಿದಳು. ಅಜ್ಜನ ಹೆಬ್ಬೆರಳು ವರ್ಷಗಟ್ಟಲೆ ಒತ್ತಿ ಸವೆಸಿದ ಗುಳಿಯೊಂದು ಆ ಕೊಂಬಿನಲ್ಲಿತ್ತು. ತನ್ನ ಹೆಬ್ಬೆರಳನ್ನು ಅದರೊಳಗೆ ಇಟ್ಟಳು.

“ಸೊಪ್ಪು ಕುಯ್ಯೋದು ಬಲಗೈಲಿ. ನೀನ್ಯಾವಾಗ ಎಡಚಿ ಆದೆ?” ಎಂದು ನಾನು ಪಟ್ಟು ಹಿಡಿದೆ.

“ನಾನಲ್ಲ ಕಣವ್ವ,” ಎಂದಳು. ಕೈ ಮಾತ್ರ ಬದಲಿಸಲಿಲ್ಲ.