ಇನ್ನೊಂದು ಕೆನ್ನೆ

ಗಿರಾಕಿಯ ಗಂಟಲ ಮೇಲೆ ಕ್ಷೌರದ ಕತ್ತಿ ತಟಕ್ಕನೆ ನಿಂತಿತು. ಪಕ್ಕದ ಕುರ್ಚಿ ಒರೆಸುತ್ತಿದ್ದ ತಮ್ಮ ಕನ್ನಡಿಯಲ್ಲಿ ಅಣ್ಣನ ಮುಖ ನೋಡಿದ. ಫ್ಯಾನಿನ ಕೆಳಗೇ ನಿಂತಿದ್ದರೂ ಹಣೆಯಿಂದ ಬೆವರು ಇಳಿಯುತ್ತಿದೆ. ಕಣ್ಣು ಎಲ್ಲೋ ಇದೆ. ಕತ್ತಿ ಹಿಡಿದ ಬೆರಳುಗಳು ನಡುಗುತ್ತಿವೆ. ತಮ್ಮನಿಗೆ ಗೊತ್ತಾಯಿತು. ಶುಗರ್ ಇಳಿದಿದೆ!

“ಅಣ್ಣಾ, ಕತ್ತಿ ಕೊಡಿಲ್ಲಿ.”

“ನಂಗೇ ಕತ್ತಿ ಹಿಡಿಯೋದು ಕಲಿಸ್ತೀಯೇನೋ?” ಅಣ್ಣನ ನಾಲಿಗೆ ತೊದಲಿತು.

ಗದರಿದರೆ ಕೈ ಜಾರೀತು. ತಮ್ಮ ಬಾಯಿಗೆ ಬಂದ ಬೈಗುಳವನ್ನೆಲ್ಲ ನುಂಗಿಕೊಂಡು, “ಮೊಂಡಾಗಿದೆ, ಮಸೆದು ಕೊಡ್ತೀನಿ” ಎಂದ. ಅಣ್ಣ ಕೊಟ್ಟ. ಕೊಟ್ಟವನೇ ಬೆಂಚಿನ ಮೇಲೆ ಕುಸಿದ.

ಗಿರಾಕಿ ನೊರೆ ಮುಖದಲ್ಲೇ ಛಂಗನೆ ಎದ್ದ. “ಥೂ! ಮಟಮಟ ಮಧ್ಯಾಹ್ನ ಕುಡ್ಕೊಂಡು ಕೆಲಸ ಮಾಡ್ತಾನಾ?”

“ಕುಡ್ದಿಲ್ಲ ಸ್ವಾಮಿ, ಉಂಡಿಲ್ಲ! ಇನ್ಸುಲಿನ್ ಚುಚ್ಕೊಂಡು ಊಟದ ಡಬ್ಬಿ ಬಿಚ್ಚಿದೋನ್ನ ಅರ್ಜೆಂಟು ಅಂತ ಎಬ್ಬಿಸಿದ್ದು ಯಾರು?”

ಡ್ರಾಯರಿನಲ್ಲಿ ಸಕ್ಕರೆ ಪೊಟ್ಟಣಗಳಿದ್ದವು. ತಮ್ಮ ಎರಡು ಹರಿದು ಅಣ್ಣನ ಬಾಯಿಗೆ ಸುರಿದ. ಅಣ್ಣ ಚಪ್ಪರಿಸಿದ. ಬೆವರು ಮಾತ್ರ ನಿಲ್ಲಲಿಲ್ಲ. ಕೊನೆಗೆ ತಮ್ಮನನ್ನೇ ದಿಟ್ಟಿಸಿ, “ಯಾರ್ರೀ ನೀವು?” ಎಂದ. ತಮ್ಮ ಗಾಬರಿಯಲ್ಲಿ ಪೊಟ್ಟಣ ತಿರುಗಿಸಿ ಓದಿದ. ಶುಗರ್ ಫ್ರೀ. ಗಂಡನ ಕಾಯಿಲೆಗೆ ಹೆದರಿ ಮನೆಯ ಸಕ್ಕರೆ ಡಬ್ಬಿ ಖಾಲಿ ಮಾಡಿದ್ದ ಅತ್ತಿಗೆ, ಅಂಗಡಿಯ ಡ್ರಾಯರಿನಲ್ಲೂ ಸಕ್ಕರೆ ತೆಗೆದು ಇದನ್ನಿಟ್ಟಿದ್ದಳು. ನಾಲಿಗೆಗೆ ಸಿಹಿ, ರಕ್ತಕ್ಕೆ ಸೊನ್ನೆ.

ಗಿರಾಕಿಯ ಚೀಲದಿಂದ ಜ್ಯೂಸ್ ಬಾಟಲಿ ಇಣುಕುತ್ತಿತ್ತು. ತಮ್ಮ ಕಿತ್ತುಕೊಂಡ.

“ರೀ, ಅದು ನಂದು!”

“ಇರ್ಲಿ! ಈಗ ಇವನಿಗೆ ಬೇಕು.”

ಒಂದೊಂದೇ ಗುಟುಕು ಅಣ್ಣನ ಬಾಯಿಗೆ ಸುರಿದು, ಅದು ಇಳಿದ ಮೇಲೇ ಇನ್ನೊಂದು ಕೊಟ್ಟ. ಕಾಲು ಗಂಟೆಯ ಹೊತ್ತಿಗೆ ಅಣ್ಣನ ಕಣ್ಣು ನೆಲೆಗೆ ಬಂತು. “ಏನಾಯ್ತೋ?”

“ಏನಿಲ್ಲ. ಊಟ ಮಾಡು, ಇಲ್ದಿದ್ರೆ ಮತ್ತೆ ಇಳಿಯತ್ತೆ.” ತಮ್ಮ ಡಬ್ಬಿ ತಂದು ಅಣ್ಣನ ತೊಡೆಯ ಮೇಲಿಟ್ಟ.

ಗಿರಾಕಿ ಒಣಗಿದ ನೊರೆ ಕೆರೆದುಕೊಂಡ. “ಹುಷಾರಾದ್ರಲ್ಲ? ಯಾರಾದ್ರೂ ಮುಗಿಸ್ಕೊಡ್ರಪ್ಪ. ಇನ್ನೊಂದು ಕೆನ್ನೆ ಹಂಗೇ ಇದೆ.”

ಅಣ್ಣ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಎದ್ದ. “ಬಂದೆ ಸಾರ್.”

ತಮ್ಮ ಬಾಗಿಲಿಗೆ ಹೋಗಿ ಶಟರನ್ನು ದಡಾರನೆ ನೆಲದ ತನಕ ಎಳೆದ. ಲೈಟು ಆರಿಸಿ, ಶಟರಿಗೆ ಬೆನ್ನು ಕೊಟ್ಟು ಕೂತ. ಅರ್ಧ ಗಡ್ಡದ ಗಿರಾಕಿ ಒಳಗೇ ಉಳಿದ. ಕತ್ತಲಲ್ಲಿ ಡಬ್ಬಿ ಹತ್ತಿರಕ್ಕೆ ಎಳೆದುಕೊಂಡ ಸದ್ದು. ಆಮೇಲೆ, ಅಣ್ಣ ಅಗಿಯುವ ಸದ್ದು.