ಐದು ವರ್ಷದ ಶೋಕರಾಗ

"ಅರವತ್ತೆಂಟನೇ ಇಸವಿಯಿಂದ ಎಪ್ಪತ್ಮೂರರವರೆಗೆ ಮೇಷ್ಟ್ರು ಕವಿತೆಗಳಿಗೆ ಹಾಕಿದ ರಾಗಗಳೆಲ್ಲ ಶೋಕದ್ದೇ ಅಮ್ಮ. ಅದು ನವ್ಯ ಸಾಹಿತ್ಯದ ಪ್ರಭಾವ ಅಂತ ಪ್ರಬಂಧದಲ್ಲಿ ಬರೀತಿದ್ದೀನಿ, ಸರಿನಾ?" ಎಂದು ಸಂಶೋಧಕಿ ಕೇಳಿದಳು.

ತೀರಿಹೋದ ಆ ಸಂಗೀತ ಮೇಷ್ಟ್ರ ಹೆಂಡತಿ ಕನಕಾಂಬ ನಕ್ಕುಬಿಟ್ಟರು. "ಅವರೆಲ್ಲಿ ಸಾಹಿತ್ಯ ಓದ್ತಿದ್ರು ಕಣಮ್ಮ? ಕವಿತೆ ಕೈಗೆ ಕೊಟ್ರೆ ತಾಳಕ್ಕೆ ಕೂರುತ್ತಾ ಅಂತ ಮಾತ್ರೆ ಎಣಿಸೋರು, ಅಷ್ಟೇ."

"ಹಾಗಾದ್ರೆ ಆಗ ಮನೇಲಿ ಏನಾದ್ರೂ ನೋವಿತ್ತಾ? ಅದಕ್ಕೆ ಮುಂಚೆಯೂ ಆಮೇಲೂ ಬರೀ ಉಲ್ಲಾಸದ ರಾಗಗಳೇ ಇವೆ."

ಸಂಶೋಧಕಿ ಮುಂದಿಟ್ಟ, ಸ್ವರ ಬರೆದ ಪುಸ್ತಕದ ಪ್ರತಿ ಪುಟದ ಮೂಲೆಯಲ್ಲೂ ಗಂಡ ತಾರೀಖು ಹಾಕಿದ್ದರು. ಕನಕಾಂಬ ಒಂದೊಂದನ್ನೇ ಬೆರಳಿಟ್ಟು ಓದಿದರು. ನಗು ಆರಿತು. ಗಂಡ ತಾವು ಇಟ್ಟುಕೊಂಡಿದ್ದ ಇನ್ನೊಬ್ಬಳನ್ನು ಬಿಟ್ಟು ಬಂದು ಈ ಮನೆಯಲ್ಲಿ ಸಂಸಾರ ಮಾಡಿದ್ದು ಆ ಐದೇ ವರ್ಷ; ಆಮೇಲೆ ಮತ್ತೆ ಅವಳ ಮನೆಗೇ ಹೋಗಿದ್ದರು.

ಪುಸ್ತಕ ಮುಚ್ಚಿ ಹೇಳಿದರು: "ನವ್ಯದ ಪ್ರಭಾವಾನೇ ಕಣಮ್ಮ. ಹಾಗೇ ಬರ್ಕೋ."